ಬೆಚ್ಚಗಿನ ನೆಲ

ಟಾರ್ಚಿನ ಬೆಳಕು ಒಂದೊಂದೇ ಮುಖದ ಮೇಲೆ ಬಿದ್ದು ಹಿಂದಿನ ಸೀಟುಗಳ ಕಡೆಗೆ ಸರಿಯುತ್ತಿತ್ತು. ವ್ಯಾನಿನ ಬಾಗಿಲು ತೆರೆದದ್ದೇ ತಡ, ಹೊರಗಿನ ಚಳಿ ಒಳಗೆ ನುಗ್ಗಿತು. ನಿದ್ದೆಗಣ್ಣಿನ ಪ್ರವಾಸಿಗರು ಗೊಣಗುತ್ತಾ ಕಂಬಳಿ ಎಳೆದುಕೊಂಡರು. ಟಾರ್ಚು ಹಿಡಿದ ಹೆಂಗಸು ಕಣ್ಣಷ್ಟೇ ಕಾಣುವ ಹಾಗೆ ಉಣ್ಣೆಯ ಮಫ್ಲರು ಸುತ್ತಿಕೊಂಡಿದ್ದಳು. ಮೇಲೆ ಕಾವಲಿನವರು ಹಾಕುವ ಕಿತ್ತಳೆ ಬಣ್ಣದ ಜಾಕೆಟ್ಟು. ಆದರೂ ಎಡಗಾಲಿನ ಮೇಲೆ ಭಾರ ಬಿಟ್ಟು, ಸೊಂಟ ಒಂದಿಷ್ಟು ವಾರೆ ಮಾಡಿ ನಿಂತ ರೀತಿಯಲ್ಲೇ ಸುನಿಲ್ದಾಳಿಗೆ ಗುರುತು ಸಿಕ್ಕಿತು. ಅವಳ ಅಕ್ಕ ಇಲಾರಿಯಾ.

ಬೆಳಕು ಸುನಿಲ್ದಾಳ ಮುಖಕ್ಕೆ ಬಂದು ನಿಂತಿತು. ಉಳಿದವರ ಮೇಲೆ ನಿಂತದ್ದಕ್ಕಿಂತ ಕೊಂಚ ಹೆಚ್ಚು ಹೊತ್ತೇ ನಿಂತಿತು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದವಳು ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡಳು. ಬೆಳಕು ಪಕ್ಕದ ಸೀಟಿನ ಬ್ರೆಜಿಲಿನ ಹೆಂಗಸಿನ ಮೇಲೆ ಹೋಯಿತು, ಅಲ್ಲಿಂದ ಹಿಂದಕ್ಕೆ. "ಸರಿ, ಹೊರಡಿ" ಎಂದು ಇಲಾರಿಯಾ ಗೈಡಿಗೆ ಹೇಳಿ ಬಾಗಿಲು ಎಳೆದಳು.

ಗೇಟು ಎತ್ತಿದರು. ವ್ಯಾನು ಕುಲುಕಾಡುತ್ತಾ ಮುಂದೆ ಹೋಯಿತು. ಸುನಿಲ್ದಾ ಕೈಗವಸಿನ ಬೆರಳುಗಳನ್ನು ಒಂದಕ್ಕೊಂದು ಹೆಣೆದು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಕ್ಕನಿಗೆ ಗುರುತು ಸಿಗಲಿಲ್ಲವೋ, ಸಿಕ್ಕಿಯೂ ಬೇಡವಾಯಿತೋ? ಬೇಡವಾಗಿದ್ದರೆ ಅದೂ ನ್ಯಾಯವೇ ಎಂದುಕೊಂಡಳು. ಹಾಗೆ ಅಂದುಕೊಂಡರೂ ಎದೆ ಕೇಳಲಿಲ್ಲ.

ತಾತಿಯೊದ ಬಿಸಿನೀರ ಬುಗ್ಗೆಗಳನ್ನು ನೋಡಲು ಅವಳು ಟಿಕೇಟು ಕೊಂಡು ಬಂದಿದ್ದಾಳೆಂದರೆ ಅವಳ ಊರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಅವಳು ಹುಟ್ಟಿದ್ದು ಈ ಬೆಟ್ಟಗಳ ಕೆಳಗಿನ ತೊಕೊನ್ಸೆಯಲ್ಲಿ. ಬೇಸಿಗೆ ಬಂತೆಂದರೆ ಅವ್ವ ಲಾಮಾಗಳ ಮಂದೆ ಹೊಡೆದುಕೊಂಡು, ಹೆಣ್ಣುಮಕ್ಕಳಿಬ್ಬರನ್ನೂ ಕಟ್ಟಿಕೊಂಡು ಈ ಬಯಲಿಗೇ ಬರುತ್ತಿದ್ದಳು. ಆಮೇಲೆ ಸುನಿಲ್ದಾ ಗಣಿಯಲ್ಲಿ ಕೆಲಸ ಮಾಡುವವನೊಬ್ಬನನ್ನು ಮದುವೆಯಾಗಿ ಕಲಾಮಾ ಪಟ್ಟಣಕ್ಕೆ ಇಳಿದಳು. ಇಲಾರಿಯಾ ಲಾಮಾಗಳ ಜೊತೆ, ಅವ್ವನ ಜೊತೆ ಊರಲ್ಲೇ ಉಳಿದಳು. ವರ್ಷಕ್ಕೆರಡು ಸಲವಾದರೂ ಹೋಗಿ ಬರುವುದು ನಡೆದೇ ಇತ್ತು, ಅವ್ವನಿಗೆ ಕಾಯಿಲೆಯಾಗುವ ತನಕ.

ಪಟ್ಟಣದಲ್ಲಿ ಆಸ್ಪತ್ರೆಯಿದೆ ಎಂದು ಅವ್ವನನ್ನು ಕರೆದುಕೊಂಡು ಹೋದವಳು ಸುನಿಲ್ದಾ. ಒಂದು ತಿಂಗಳಲ್ಲಿ ತಂದು ಬಿಡುತ್ತೇನೆ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದಳು. ತಿಂಗಳು ಹೋಗಿ ಚಳಿಗಾಲವೂ ಕಳೆಯಿತು. ಅವ್ವ ತೀರಿಕೊಂಡದ್ದು ಅಲ್ಲಿನ ಮಳೆಗಾಲವಾದ ಫೆಬ್ರವರಿಯಲ್ಲಿ, ಬೆಟ್ಟದ ಮೇಲೆ ಮಳೆ ಹುಯ್ದು ರಸ್ತೆಯೆಲ್ಲ ಕೊಚ್ಚಿಹೋಗಿದ್ದ ವಾರ. ಮೇಲೆ ತೊಕೊನ್ಸೆಯಲ್ಲಿ ಗುಂಡಿ ತೋಡಿ, ಕುರಿ ಕೊಯ್ದು, ನೆಂಟರೆಲ್ಲ ಸೇರಿ ಕಾಯುತ್ತಿದ್ದರು. ಕೆಳಗೆ ಸುನಿಲ್ದಾಳ ಗಂಡ, ಇನ್ನು ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ ಎಂದ. ಕಲಾಮಾದ ಸ್ಮಶಾನದಲ್ಲೇ ಮಣ್ಣು ಮಾಡಿದರು. ಊರಿನ ಫೋನಿಗೆ ಕರೆ ಮಾಡಿ ಆ ಸಂಗತಿ ಹೇಳಿದಾಗ ಇಲಾರಿಯಾ ಫೋನು ಇಟ್ಟುಬಿಟ್ಟಳು. ತೋಡಿದ ಗುಂಡಿಯನ್ನು ಖಾಲಿಯಾಗಿಯೇ ಮುಚ್ಚಿದರಂತೆ. ಅದನ್ನು ಹೇಳಿದವಳು ಸಂತೆಗೆ ಬಂದಿದ್ದ ಚಿಕ್ಕಮ್ಮನ ಮಗಳು. ಅಲ್ಲಿಂದ ಮುಂದೆ ಅಕ್ಕತಂಗಿಯರ ನಡುವೆ ಮಾತಿಲ್ಲ. ಸತ್ತವರ ಹಬ್ಬದ ದಿನ ಅವ್ವನ ಗೋರಿಗೆ ಹೂವು, ರೊಟ್ಟಿ ಇಡುವವಳು ಸುನಿಲ್ದಾ ಒಬ್ಬಳೇ. ಇಲಾರಿಯಾ ಒಂದು ವರ್ಷವೂ ಕೆಳಗಿಳಿಯಲಿಲ್ಲ. ಸುನಿಲ್ದಾ ಒಂದು ವರ್ಷವೂ ಮೇಲೆ ಹತ್ತಲಿಲ್ಲ. ನಡುವೆ ಸುನಿಲ್ದಾಳ ಗಂಡನೂ ತೀರಿಹೋದ.

ಬುಗ್ಗೆಗಳ ಉಸ್ತುವಾರಿ ಈಗ ಸುತ್ತಲಿನ ಊರುಗಳ ಕೈಗೆ ಬಂದಿದೆ, ಇಲಾರಿಯಾ ಗೇಟಿನಲ್ಲಿ ಕೆಲಸಕ್ಕೆ ನಿಲ್ಲುತ್ತಾಳೆ ಎಂಬ ಸುದ್ದಿ ತಂದವಳೂ ಆ ಚಿಕ್ಕಮ್ಮನ ಮಗಳೇ. ಸುನಿಲ್ದಾಳ ಮಗಳು ಮಾರಿಬೆಲ್, ಪ್ರವಾಸಿಗರ ವ್ಯಾನುಗಳು ಹೊರಡುವ ಸ್ಯಾನ್ ಪೆದ್ರೊದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಳು. ಮಗಳನ್ನು ನೋಡುವ ನೆಪದಲ್ಲಿ ಬಂದವಳು, ಬೆಳಗಿನ ವ್ಯಾನಿನಲ್ಲಿ ನನಗೊಂದು ಸೀಟು ಹಿಡಿದುಕೊಡು ಎಂದಳು. ಮಾರಿಬೆಲ್ ನಕ್ಕು, ಈ ವಯಸ್ಸಿನಲ್ಲಿ ನಿನಗೆ ಟೂರಿಸ್ಟ್ ಆಗೋ ಹುಚ್ಚು ಹಿಡಿಯಿತಾ ಎಂದು ಕೇಳಿದ್ದಳು. ಸುನಿಲ್ದಾ ಹೌದು ಎಂದಿದ್ದಳು. ಊರಿಗೆ ನೇರವಾಗಿ ಹೋಗಿ ಬಾಗಿಲು ಬಡಿಯುವ ಧೈರ್ಯವಿಲ್ಲ. ನಾಲ್ಕು ಜನ ಪರದೇಶದವರ ಮಧ್ಯೆ ಕೂತು ಹೋದರೆ ಅಕ್ಕ ಅಟ್ಟಲಾರಳು ಎಂದು ಮಗಳಿಗೆ ಹೇಳುವುದು ಹೇಗೆ?

ವ್ಯಾನು ನಿಂತಿತು. ಗೈಡು ಲಿಸಾಂದ್ರೊ ದಕ್ಷಿಣದ ಕಡೆಯ ಹುಡುಗ, ನಗುಮುಖದವನು. ಮೆಲ್ಲಗೆ ನಡೆಯಿರಿ, ಓಡಬೇಡಿ, ಇಲ್ಲಿ ಗಾಳಿ ತೆಳು ಎಂದು ಎಲ್ಲರಿಗೂ ಎಚ್ಚರಿಕೆ ಕೊಟ್ಟ. ತಾತಿಯೊ ಅಂದರೆ ಅಳುವ ಅಜ್ಜ ಎಂದು ಅರ್ಥ ಹೇಳಿದ. ಸುನಿಲ್ದಾಳಿಗೆ ಅವ್ವನ ಮಾತು ನೆನಪಾಯಿತು. ಅಳೋದಲ್ಲ ಕಣ್ರೇ, ಅಜ್ಜ ಒಲೆ ಹಚ್ಚಿದಾನೆ ಎನ್ನುತ್ತಿದ್ದಳು ಅವ್ವ. ಹಸಿದ ಮಕ್ಕಳನ್ನು ಸುಮ್ಮನಿರಿಸಬೇಕಲ್ಲ.

ಪೂರ್ವದ ಬೆಟ್ಟಗಳ ಹಿಂದೆ ಆಕಾಶ ತೆಳುವಾಗಿತ್ತು. ಬಯಲಿನ ತುಂಬ ಬಿಳಿಯ ಹಬೆ ಕಂಬಕಂಬವಾಗಿ ನೆಟ್ಟಗೆ ಎದ್ದಿತ್ತು. ನೆಲದೊಳಗೆ ದೊಡ್ಡ ಹಂಡೆಯಲ್ಲಿ ನೀರು ಕುದಿಯುವಂಥ ಸದ್ದು. ಅಲ್ಲೊಂದು ಬುಗ್ಗೆಯ ಬಾಯಿ ನೀರು ಕಕ್ಕಿ ಸುಮ್ಮನಾದರೆ ಇಲ್ಲೊಂದು ಶುರು. ಗಂಧಕದ ವಾಸನೆ ಮೂಗಿಗೆ ಬಡಿದದ್ದೇ ಸುನಿಲ್ದಾಳ ಕಣ್ಣು ತುಂಬಿ ಬಂತು. ಬ್ರೆಜಿಲಿನ ಹೆಂಗಸು, ತಲೆ ಸುತ್ತುತ್ತಿದೆಯಾ ಎಂದು ಅವಳ ತೋಳು ಹಿಡಿದು ಕೇಳಿದಳು. ಇಲ್ಲ, ಹಬೆ ಎಂದಳು ಸುನಿಲ್ದಾ.

ಉಳಿದವರು ಫೋಟೋ ತೆಗೆಯುತ್ತಾ ದೊಡ್ಡ ಬುಗ್ಗೆಯ ಸುತ್ತ ನಿಂತರು. ಲಿಸಾಂದ್ರೊ ಮಡಚುವ ಮೇಜು ಬಿಡಿಸಿ ರೊಟ್ಟಿ, ಚೀಸು, ಬೆಣ್ಣೆಹಣ್ಣು, ಕಾಫಿ ಜೋಡಿಸತೊಡಗಿದ. ಸುನಿಲ್ದಾ ಒಬ್ಬಳೇ ಬಯಲಿನ ಅಂಚಿನ ಕಡೆಗೆ ನಡೆದಳು. ಅಲ್ಲಿ ನೆಲ ಒಂದಿಷ್ಟು ಉಬ್ಬಿತ್ತು, ಅದರ ಹಿಂದೆ ಒಂದು ಬಂಡೆ. ಬೇಸಿಗೆಯಲ್ಲೂ ರಾತ್ರಿ ಚಳಿಗೆ ನೀರಿನ ಬಿಂದಿಗೆಯೇ ಬಿರಿಯುವ ಈ ಬಯಲಲ್ಲಿ ಅವ್ವ ಬೆಚ್ಚಗಿನ ನೆಲ ಹುಡುಕಿ, ಅದರ ಮೇಲೆ ಲಾಮಾ ತೊಗಲು ಹಾಸಿ ಮಕ್ಕಳಿಬ್ಬರನ್ನೂ ಮಲಗಿಸುತ್ತಿದ್ದಳು. ಕೆಳಗಿನಿಂದ ಬೆನ್ನಿಗೆ ಕಾವು, ಮೇಲೆ ಮುಖಕ್ಕೆ ಹಿಮ. ಅಕ್ಕನ ಕಾಲಿನ ಮೇಲೆ ತನ್ನ ಕಾಲು ಹಾಕಿ ಮಲಗಿದರೆ ಅಕ್ಕ ಒದೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಾನೇ ಎಳೆದುಕೊಳ್ಳುತ್ತಿದ್ದಳು.

ಬಿಸಿ ನೆಲದ ಗಡಿಗೆಂದು ಸಾಲಾಗಿ ಇಟ್ಟಿದ್ದ ಕೆಂಪು ಬಣ್ಣದ ಕಲ್ಲುಗಳನ್ನು ದಾಟಿ ಸುನಿಲ್ದಾ ಬಂಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಕೈಗವಸು ಕಳಚಿ ನೆಲ ಮುಟ್ಟಿದಳು. ತಣ್ಣಗಿತ್ತು. ಪಕ್ಕದಲ್ಲಿ ಮುಟ್ಟಿದಳು. ಅಲ್ಲೂ ತಣ್ಣಗೆ, ಕಲ್ಲಿನ ಹಾಗೆ.

ದೂರದಿಂದ ಲಿಸಾಂದ್ರೊ, ಅಮ್ಮಾ, ಗೆರೆ ದಾಟಬೇಡಿ ಎಂದು ಕೂಗಿದ್ದು ಕೇಳಿಸಿತು. ಅವಳು ಏಳಲಿಲ್ಲ. ಗೇಟಿನ ಕಡೆಯಿಂದ ಯಾರೋ ಜಲ್ಲಿಯ ಮೇಲೆ ನಡೆದು ಬರುವ ಸದ್ದಾಯಿತು. ಒಂದು ಕಾಲಿನ ಹೆಜ್ಜೆ ಗಟ್ಟಿ, ಇನ್ನೊಂದರದು ಹಗುರ. ಸುನಿಲ್ದಾ ತಲೆಯೆತ್ತದೆ ಕಾದಳು.

"ಕೆಂಪು ಕಲ್ಲು ಇಟ್ಟಿರೋದು ಕಾಣಲ್ವಾ?" ಎಂದಳು ಇಲಾರಿಯಾ.

"ಕಾಣುತ್ತೆ."

"ಕಂಡೂ ದಾಟಿದ್ಯಾ. ನಿನಗೆ ಯಾವಾಗ ಬುದ್ಧಿ ಬಂತು, ಈಗ ಬರೋಕೆ."

ಆ ಮಾತಿನಲ್ಲಿ ಇದ್ದದ್ದು ಕೋಪವೇ. ಆದರೂ ಅದು ತನಗಾಗಿ ಆಡಿದ ಮಾತು. ಸುನಿಲ್ದಾ ಇನ್ನೊಮ್ಮೆ ನೆಲ ಮುಟ್ಟಿ ನೋಡಿದಳು.

"ನಾವು ಮಲಗ್ತಿದ್ದ ಜಾಗ ಇದೇ ಅಲ್ವಾ ಅಕ್ಕಾ? ಕಾವೇ ಇಲ್ಲ."

ಇಲಾರಿಯಾ ಮಫ್ಲರನ್ನು ಗಲ್ಲದ ಕೆಳಗೆ ಜಾರಿಸಿದಳು. ಮುಖ ಸುಕ್ಕುಗಟ್ಟಿ, ಬಿಸಿಲಿಗೆ ಚಳಿಗೆ ಕಪ್ಪಾಗಿ ಅವ್ವನ ಮುಖವೇ ಆಗಿಹೋಗಿತ್ತು. ಸುನಿಲ್ದಾ ನೋಡುತ್ತಲೇ ಉಳಿದಳು.

"ಜಾಗ ಇದೇ. ಕಾವು ಸರಕೊಂಡು ಹೋಯ್ತು," ಎಂದಳು ಇಲಾರಿಯಾ. "ನೀನು ಬರ್ತೀಯಾ ಅಂತ ಅದು ಇಲ್ಲೇ ಕಾಯ್ಕೊಂಡು ಕೂತಿರುತ್ತಾ?"

ಸೂರ್ಯ ಇನ್ನೂ ಬೆಟ್ಟ ದಾಟಿರಲಿಲ್ಲ. ಇಬ್ಬರ ಬಾಯಿಂದಲೂ ಉಸಿರು ಬಿಳಿಯಾಗಿ ಹೊರಡುತ್ತಿತ್ತು. ಇಲಾರಿಯಾ ವಾಪಸು ಹೋಗುವವಳ ಹಾಗೆ ಅತ್ತ ತಿರುಗಿದಳು, ಆದರೆ ಹೋಗಲಿಲ್ಲ. ಬೆನ್ನು ಹಾಕಿಯೇ ಕೇಳಿದಳು.

"ಕೊನೆಗೆ ಅವ್ವ ಏನಂದ್ಲು?"

ಇಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆ ಅದು. ಗಂಡ ಕೇಳಿರಲಿಲ್ಲ, ಮಗಳಿಗೆ ಕೇಳಬೇಕೆಂದು ತೋಚಿರಲಿಲ್ಲ. ಸುನಿಲ್ದಾ ನೆಲದಿಂದ ಕೈ ತೆಗೆಯದೆ ಹೇಳತೊಡಗಿದಳು. ಅವ್ವನ ಹಾಸಿಗೆ ಕಿಟಕಿಯ ಹತ್ತಿರ ಇತ್ತು. ಕಣ್ಣು ಮಂಜಾಗಿತ್ತು. ದಿನಾ ಬೆಳಗ್ಗೆ ಎದ್ದ ಕೂಡಲೇ ಕಿಟಕಿಯ ಕಡೆ ಮುಖ ಮಾಡಿ, ಹಬೆ ಎದ್ದಿದೆಯಾ ನೋಡು ಎನ್ನುತ್ತಿದ್ದಳು. ಕಿಟಕಿಯಿಂದ ಕಾಣುತ್ತಿದ್ದದ್ದು ದೂರದ ಗಣಿಯಲ್ಲಿ ತಾಮ್ರ ಕರಗಿಸುವ ಕುಲುಮೆಯ ಹೊಗೆ. ಮೊದಲ ದಿನ ಸುನಿಲ್ದಾ ಏನು ಹೇಳಬೇಕೆಂದು ತಿಳಿಯದೆ ಎದ್ದಿದೆ ಅವ್ವಾ ಎಂದುಬಿಟ್ಟಳು. ಆಮೇಲೆ ಅದೇ ನಡೆಯಿತು. ಅವ್ವ ಆ ಬಿಳಿಯನ್ನೇ ನೋಡುತ್ತಾ ಇವತ್ತು ಚಳಿ ಜಾಸ್ತಿ, ಎತ್ತರಕ್ಕೆ ಎದ್ದಿದೆ ಎನ್ನುವಳು. ಲಾಮಾಗಳನ್ನು ಈಗಲೇ ಬಿಡಬೇಡಿ ಎನ್ನುವಳು.

"ಕೊನೇ ದಿನ ಹೊಗೆ ಇರಲಿಲ್ಲ. ಕುಲುಮೆ ನಿಲ್ಲಿಸಿದ್ರು," ಎಂದಳು ಸುನಿಲ್ದಾ. "ನಾನು ಎದ್ದಿದೆ ಅಂದೆ. ಅವಳು ಸುಮಾರು ಹೊತ್ತು ನೋಡಿದ್ಲು. ಬಿಸಿಲೇರ್ತು ಮಗಾ, ಇಲಾರಿಯಾನ ಎಬ್ಬಿಸು, ಹೊರಡೋಣ ಅಂದ್ಲು. ಅಷ್ಟೇ ಅಕ್ಕಾ. ಆಮೇಲೆ ಮಾತಾಡ್ಲಿಲ್ಲ."

ಇಲಾರಿಯಾಳ ಕಿತ್ತಳೆ ಜಾಕೆಟ್ಟಿನ ಭುಜ ಎರಡು ಸಲ ಮೇಲಕ್ಕೆ ಹೋಗಿ ಇಳಿಯಿತು. ಮಫ್ಲರಿನ ತುದಿಯಿಂದ ಮುಖ ಒರೆಸಿಕೊಂಡಳು. ಇತ್ತ ತಿರುಗಿದಾಗ ದನಿ ಒರಟಾಗಿಯೇ ಇತ್ತು.

"ಎದ್ದಿದೆ ಅಂದ್ಯಾ. ಸುಳ್ಳು ಹೇಳೋದು ಚಿಕ್ಕಂದಿನಿಂದ ನಿನಗೆ ಚೆನ್ನಾಗಿ ಬರುತ್ತೆ."

"ಹೂಂ."

"ಗೋರಿ ಹತ್ರ ಏನಿದೆ?"

ಒಂದು ಮರ ಇದೆ, ಒಳ್ಳೆ ನೆರಳು ಎಂದಳು ಸುನಿಲ್ದಾ. ತಾನೇ ನೆಟ್ಟು ನೀರು ಹಾಕಿ ಬೆಳೆಸಿದ್ದು ಎಂದಳು.

"ಮರನಾ!" ಇಲಾರಿಯಾ ಹಣೆ ಗಂಟಿಕ್ಕಿದಳು. "ಅವಳಿಗೆ ಮರ ಅಂದ್ರೆ ಆಗ್ತಿತ್ತೇನೇ? ಆಕಾಶ ಮರೆಯಾಗುತ್ತೆ ಅಂತ ಬಯ್ತಿದ್ಲು."

ಅದು ನಿಜ. ಸುನಿಲ್ದಾಳಿಗೆ ಮರೆತೇಹೋಗಿತ್ತು. ಅಳುವಿನ ಮಧ್ಯೆಯೇ ನಗು ಬಂತು, ಬಂದದ್ದು ನಿಲ್ಲಲಿಲ್ಲ. ಈ ಎತ್ತರದಲ್ಲಿ ನಗಲೂ ಉಸಿರು ಸಾಲದು. ಬಂಡೆಗೆ ಒರಗಿ ಏದುಸಿರು ಬಿಟ್ಟಳು. ಇಲಾರಿಯಾ ನಗಲಿಲ್ಲ. ಆದರೆ ಜೇಬಿನಿಂದ ಬಟ್ಟೆಯ ಚೀಲ ತೆಗೆದು, ನಾಲ್ಕು ಕೋಕಾ ಎಲೆ ಆರಿಸಿ ತಂಗಿಯ ಕೈಗೆ ಹಾಕಿದಳು. ಪಟ್ಟಣದ ಎದೆ, ಉಸಿರು ಹಿಡಿಯಲ್ಲ, ಅಗಿ, ಎಂದಳು. ಒಂದೆಲೆಯನ್ನು ಭೂಮಿತಾಯಿಗೆಂದು ನೆಲಕ್ಕೆ ಬಿಟ್ಟು ಸುನಿಲ್ದಾ ಉಳಿದವನ್ನು ಬಾಯಿಗೆ ಹಾಕಿಕೊಂಡಳು.

ಅಷ್ಟರಲ್ಲಿ ಬೆಟ್ಟದ ಅಂಚಿನಿಂದ ಬಿಸಿಲು ಚಿಮ್ಮಿತು. ಹಬೆಯ ಕಂಬಗಳೆಲ್ಲ ಒಮ್ಮೆ ಹೊಂಬಣ್ಣವಾದವು. ಪ್ರವಾಸಿಗರು ಹೋ ಎಂದರು. ಆಮೇಲೆ ಗಾಳಿ ಕಾದ ಹಾಗೆಲ್ಲ ಕಂಬಗಳು ತೆಳ್ಳಗಾಗುತ್ತಾ ಕುಗ್ಗತೊಡಗಿದವು. ಲಿಸಾಂದ್ರೊ ಮೇಜು ಮಡಚಿ, ಎಲ್ಲರನ್ನೂ ವ್ಯಾನಿಗೆ ಹತ್ತಿಸಿ, ಇವರಿದ್ದಲ್ಲಿಗೆ ಬಂದ. ಹೊರಡುವ ಹೊತ್ತಾಯಿತು, ದಾರಿಯ ಹಳ್ಳಿ ಮಚೂಕಾದಲ್ಲಿ ಇಳಿದು ಕಡ್ಡಿಗೆ ಚುಚ್ಚಿ ಸುಟ್ಟ ಲಾಮಾ ಮಾಂಸ ತಿನ್ನುವುದಿದೆ ಎಂದ. ಸುನಿಲ್ದಾ ಎದ್ದು ಸ್ಕರ್ಟಿನ ಮಣ್ಣು ಕೊಡವಿಕೊಂಡಳು. ಅಕ್ಕನ ಮುಖ ನೋಡಲು ಧೈರ್ಯವಾಗದೆ ಗೈಡಿನ ಹಿಂದೆ ಎರಡು ಹೆಜ್ಜೆ ಇಟ್ಟಳು.

"ನೀನು ಹೋಗಪ್ಪಾ," ಎಂದಳು ಇಲಾರಿಯಾ ಅವನಿಗೆ. "ಇವಳು ಬರಲ್ಲ."

ಲಿಸಾಂದ್ರೊ ಗಾಬರಿಯಾದ. ಕರೆದುಕೊಂಡು ಬಂದವರನ್ನು ಇಲ್ಲಿ ಬಿಟ್ಟುಹೋದರೆ ತನ್ನ ಕೆಲಸ ಹೋಗುತ್ತದೆ, ಮಾರಿಬೆಲ್‌ಗೆ ಏನು ಹೇಳಲಿ ಎಂದ. ತೊಕೊನ್ಸೆಗೆ ಮಧ್ಯಾಹ್ನ ಊರಿನ ಪಿಕಪ್ ಹೋಗುತ್ತದೆ, ಅದರಲ್ಲಿ ತನ್ನ ಜೊತೆ ಊರಿಗೆ ಬರುತ್ತಾಳೆ ಎಂದಳು ಇಲಾರಿಯಾ. ಅವನು ಸುನಿಲ್ದಾಳ ಕಡೆ ತಿರುಗಿ, ನೀವೇ ಹೇಳಿ ಅಮ್ಮಾ ಎಂದ.

"ನನ್ನ ಅಕ್ಕ ಕಣಪ್ಪಾ," ಎಂದಳು ಸುನಿಲ್ದಾ. "ಇವಳ ಮಾತಿಗೆ ನಾನು ಎದುರಾಡಲ್ಲ. ಮಾರಿಬೆಲ್‌ಗೆ ಹೇಳು, ಅಮ್ಮ ಊರಿಗೆ ಹೋದ್ಲು ಅಂತ."

ವ್ಯಾನು ಧೂಳೆಬ್ಬಿಸುತ್ತಾ ಹೋಯಿತು. ಅದರ ಹಿಂದೆ ಉಳಿದ ವ್ಯಾನುಗಳೂ ಹೋದವು. ಬಯಲಿನಲ್ಲಿ ನೀರು ಕುದಿಯುವ ಸದ್ದಷ್ಟೇ ಉಳಿಯಿತು. ಇಲಾರಿಯಾ ಅಷ್ಟು ದೂರ ನಡೆದು, ಬರೀ ಮಣ್ಣಿನ ಹಾಗೆ ಕಾಣುತ್ತಿದ್ದ ಒಂದು ಕಡೆ ನಿಂತು ತಂಗಿಯನ್ನು ಕರೆದಳು. ಕಾವು ಈಗ ಈ ಕಡೆ ಸರಿಯುತ್ತಿದೆ, ಜನ ತುಳಿದು ಕಾಲು ಸುಟ್ಟುಕೊಳ್ಳುವ ಮೊದಲು ಕಲ್ಲುಗಳನ್ನು ಬದಲಾಯಿಸಬೇಕು, ಮಂಡಿಯೂರಿ ನೆಲ ಮುಟ್ಟಿ ನೋಡುತ್ತಾ ಹೋಗಲು ತನ್ನ ಸೊಂಟ ಬಿಡುವುದಿಲ್ಲ ಎಂದಳು.

"ಎಲ್ಲಿಗಂಟ ಬಿಸಿ ಇದೆ ನೋಡು."

ಸುನಿಲ್ದಾ ಮಂಡಿಯೂರಿ ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತಿದಳು. ಇಲ್ಲಿ ಇದೆ ಎಂದಳು. ಮುಂದಕ್ಕೆ ಸರಿದು ಇಲ್ಲೂ ಎಂದಳು. ಇನ್ನೂ ಮುಂದಕ್ಕೆ ಸರಿದಳು. ಅವಳ ಹಿಂದೆ ಇಲಾರಿಯಾ ಕೆಂಪು ಕಲ್ಲುಗಳನ್ನು ಎದೆಗವಚಿಕೊಂಡು, ಒಂದು ಕಾಲು ಗಟ್ಟಿಯಾಗಿ ಒಂದು ಕಾಲು ಹಗುರವಾಗಿ ಊರುತ್ತಾ ಬರುತ್ತಿದ್ದಳು.