ಸಪ್ಪಳ ಮಾಡಬ್ಯಾಡ

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಖಾನಾಪುರದಲ್ಲಿ ಸಿಡುಬು ಎದ್ದು ಶಾಲೆಗೆ ಬೀಗ ಬಿತ್ತು. ಮತ್ತೆ ಬೀಗ ತೆಗೆದಾಗ ಎರಡನೆಯ ಇಯತ್ತೆಯಲ್ಲಿ ಗದ್ದಲವೇ ಇರಲಿಲ್ಲ. ಗೋಣಿತಟ್ಟಿನ ಮೇಲೆ ಅಲ್ಲಲ್ಲಿ ಖಾಲಿ ಜಾಗ. ಉಳಿದವರು ಕೈಕಟ್ಟಿ ಕೂತಿದ್ದರು. ಚನ್ನಬಸಯ್ಯ ಮಾಸ್ತರರಿಗೆ ಇದು ಬಹಳ ಹಿಡಿಸಿತು. ಹಂಚಿನ ಕಾರ್ಖಾನೆಯಲ್ಲಿ ದುಡಿಯುವ ಮಾಯಪ್ಪನ ಮಗಳು, ಏಳು ವರ್ಷದ ಲಗಮವ್ವನಂತೂ ತುಟಿ ಪಿಟ್ಟೆನ್ನುತ್ತಿರಲಿಲ್ಲ.

“ಆಕೀನ ನೋಡಿ ಕಲೀರಿ. ಶಾಣ್ಯಾ ಹುಡುಗಿ ಅಂದ್ರ ಹಿಂಗ ಇರಬೇಕು,” ಅನ್ನುತ್ತಿದ್ದರು ಮಾಸ್ತರರು.

ನೆನೆದರೆ ಈಗಲೂ ಮೈ ಉರಿಯುತ್ತದೆ. ಮಕ್ಕಳು ಬಾಯಿ ಮುಚ್ಚಿಕೊಂಡರೆ ಸಾಕು, ನಮಗೆ ದೊಡ್ಡವರಿಗೆ ಹಾಲು ಕುಡಿದಷ್ಟು ಸಂತೋಷ. ಯಾಕೆ ಮುಚ್ಚಿಕೊಂಡವು ಎಂದು ಕೇಳುವ ಪುರುಸೊತ್ತು ಯಾರಿಗಿದೆ?

ಶಾಲೆ ಮುಚ್ಚಿದ ವಾರವೇ ಲಗಮವ್ವನ ತಮ್ಮ ಭರಮಣ್ಣನ ಮೈತುಂಬ ಗುಳ್ಳೆ ಎದ್ದಿದ್ದವು. ಮನೆಗೆ ಅಮ್ಮ ಬಂದಿದ್ದಾಳೆ ಅಂದರು. ಆ ದೇವಿಯ ಬೇನೆಯನ್ನು ಹೆಸರಿಟ್ಟು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಬಾಗಿಲಿಗೆ ಬೇವು ಕಟ್ಟಿದರು, ಒಗ್ಗರಣೆ ಹಾಕುವುದನ್ನು ಬಿಟ್ಟರು. ಅಜ್ಜಿ ಸಿದ್ದಕ್ಕ ಮೊಮ್ಮಗಳನ್ನು ಮೂಲೆಯಲ್ಲಿ ಕೂರಿಸಿದಳು.

“ಅಮ್ಮ ಇರೂತನಾ ಸಪ್ಪಳ ಮಾಡಬ್ಯಾಡ. ನಗಬ್ಯಾಡ, ಅಳಬ್ಯಾಡ. ನೀ ಸುಮ್ಮನಿದ್ರ ತಮ್ಮನ್ನ ಬಿಟ್ಟು ಹೋಗ್ತಾಳ.”

ಹುಡುಗಿ ಸುಮ್ಮನಿದ್ದಳು. ಒಂದು ಮುಂಜಾನೆ ಏಳುವಷ್ಟರಲ್ಲಿ ತಮ್ಮನ ಹಾಸಿಗೆ ಖಾಲಿಯಾಗಿತ್ತು. ಯಾರೂ ಅಳುತ್ತಿರಲಿಲ್ಲ. ಅಮ್ಮ ಮನೆಯಲ್ಲಿರುವಾಗ ಅತ್ತರೆ ಇನ್ನೊಂದು ಮಗುವನ್ನೂ ಕೇಳಿಯಾಳೆಂಬ ಭಯಕ್ಕೆ ತಾಯಿ ರೇಣವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

“ಭರಮ್ಯಾ ಎಲ್ಲಿ?” ಅಂದಳು ಲಗಮವ್ವ.

“ಅಮ್ಮನ ಕಡೆ ಅದಾನ. ಬಾಯಿ ಮುಚ್ಚು,” ಅಂದಳು ಅಜ್ಜಿ.

ಆಮೇಲೆ ಹುಡುಗಿ ಮಾತಾಡಲಿಲ್ಲ. ಕಾಲ್ಗೆಜ್ಜೆಯನ್ನು ತಾನೇ ಬಿಚ್ಚಿಟ್ಟಳು. ರೊಟ್ಟಿಯನ್ನು ಅಗಿಯದೆ ಬಾಯಲ್ಲೇ ನೆನೆಸಿ ನುಂಗುವಳು. ಒಲೆಯ ಮುಂದೆ ಕೂತ ರೇಣವ್ವ ಹಿಂದಿರುಗಿ ನೋಡಿ ಬೆಚ್ಚಿಬೀಳುವಳು. ಮಗಳು ಯಾವಾಗ ಬಂದು ಬೆನ್ನ ಹಿಂದೆ ನಿಂತಳೋ ತಿಳಿಯುತ್ತಲೇ ಇರಲಿಲ್ಲ. ಸತ್ತವನು ಹೋಗಿದ್ದ, ಬದುಕಿದ್ದವಳೇ ದೆವ್ವದ ಹಾಗೆ ಮನೆಯಲ್ಲಿ ಓಡಾಡುತ್ತಿದ್ದಳು. ಕೊನೆಗೆ ಫ್ರಾಕು ಹೆಗಲಿನಿಂದ ಜಾರುವಷ್ಟು ಸೊರಗಿದಾಗ ಮಾಯಪ್ಪ ಅವಳನ್ನು ಬೆಳಗಾವಿಗೆ ಕರೆದೊಯ್ದ. ಖಾಸಬಾಗದ ಡಾಕ್ಟರು ನಾಲಿಗೆ ನೋಡಿ, ಎದೆ ನೋಡಿ, “ರೋಗ ಏನೂ ಇಲ್ಲ, ಅಶಕ್ತಿ ಅದ,” ಎಂದು ಟಾನಿಕ್ ಬರೆದುಕೊಟ್ಟರು.

ವಾಪಸು ಬರುವಾಗ ದೇಸೂರಿನಲ್ಲಿ ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ರೈಲು ಹತ್ತಿ ಎದುರಿಗೆ ಕೂತಳು. ಎಂಜಿನ್ನಿನ ಸಿಳ್ಳೆಗೆ ಕೂಸು ಕಿಟಾರನೆ ಚೀರಿತು. ಲಗಮವ್ವ ಜಿಗಿದು ಅದರ ಬಾಯಿಗೆ ಅಂಗೈ ಒತ್ತಿದಳು.

“ಅಳಬ್ಯಾಡ! ಅಮ್ಮ ನಮ್ಮ ಭರಮ್ಯಾನ್ನ ಬಿಡಂಗಿಲ್ಲ!”

“ಕೈ ತಗೀ ಹುಡುಗಿ, ಕೂಸಿನ ಉಸಿರು ಕಟ್ಟತೈತಿ!” ಎಂದು ಹೆಂಗಸು ಬೈದು ಅವಳ ಕೈ ಕಿತ್ತಳು. ಮಾಯಪ್ಪ ಮಗಳನ್ನು ಮಗ್ಗುಲಲ್ಲಿ ಕೂರಿಸಿಕೊಂಡ.

ಮೊಸರನ್ನ, ಬೇವು ಇಟ್ಟು ಅಮ್ಮನನ್ನು ಊರ ಗಡಿ ದಾಟಿಸಿ ಎಷ್ಟೋ ತಿಂಗಳಾಗಿತ್ತು. ಗಡಿಯಲ್ಲಿ ನಿಂತು ರೇಣವ್ವ ಮನಸಾರೆ ಅತ್ತಿದ್ದಳು, ಅವನೂ ಅತ್ತಿದ್ದ, ಸಿದ್ದಕ್ಕ ಎದೆ ಬಡಿದುಕೊಂಡಿದ್ದಳು. ಮಕ್ಕಳು ನೋಡಬಾರದೆಂದು ಲಗಮವ್ವನನ್ನು ಒಳಗಿಟ್ಟು ಬಾಗಿಲು ಹಾಕಿಕೊಂಡು ಹೋಗಿದ್ದರು. ಬಂದ ಮೇಲೆ ಅವಳಿಗೆ ಹೇಳುವುದನ್ನು ಮರೆತರು. ಮರೆತರು ಅನ್ನುವುದು ನಯದ ಮಾತು. ಹೇಳಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ.

“ಯವ್ವಾ, ಅಮ್ಮ ಹೋಗಿ ಬಾಳ ದಿನಾ ಆತು,” ಅಂದ ಮಾಯಪ್ಪ. “ಇನ್ನ ಸಪ್ಪಳ ಮಾಡಿದ್ರ ನಡೀತೈತಿ.”

“ಖರೇ?”

“ಖರೇನ.”

ಲಗಮವ್ವ ನಕ್ಕಳು. ಆ ನಗು ಯಾಕೆಂದು ತಂದೆಗೆ ಹೊಳೆಯಲಿಲ್ಲ. ಮಗಳು ಬಾಯಿ ಬಿಟ್ಟಳಲ್ಲ ಎಂದು ಅವನ ಕಣ್ಣು ತುಂಬಿತ್ತು.

ಖಾನಾಪುರದಲ್ಲಿ ಇಳಿದದ್ದೇ ತಡ, ಅವನ ಕೈ ಕೊಸರಿಕೊಂಡು ಓಡಿದಳು. ಅವನು ಏದುಸಿರು ಬಿಡುತ್ತ ಮನೆ ಮುಟ್ಟುವಷ್ಟರಲ್ಲಿ ಓಣಿಗೆಲ್ಲ ಅವಳ ದನಿ ಕೇಳುತ್ತಿತ್ತು.

“ಭರಮ್ಯಾ! ಅಮ್ಮ ಹೋಗ್ಯಾಳಂತ! ಹೊರಗ ಬಾರೋ!”

ಜೋಳದ ಚೀಲದ ಹಿಂದೆ ನೋಡಿದಳು. ಬುಟ್ಟಿ ಎತ್ತಿ ನೋಡಿದಳು. ಕೌದಿಗಳನ್ನು ಒಂದೊಂದಾಗಿ ಕೆಳಗೆಳೆದು ಕೊಡವಿದಳು. ರೇಣವ್ವ ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟಿದ್ದಳು. ಸಿದ್ದಕ್ಕ ಮುಖ ಗೋಡೆಗೆ ತಿರುಗಿಸಿದ್ದಳು. ತಂದೆಯನ್ನು ಕಂಡು ಹುಡುಗಿ ಹತ್ತಿರ ಬಂದಳು.

“ಅಪ್ಪಾ, ನಾ ಒಂದ ಸರ್ತಿನೂ ಅತ್ತಿಲ್ಲ. ಅಂವಾ ಯಾಕ ಬರವಲ್ಲ?”

ಮಾಯಪ್ಪ ಹೊಸ್ತಿಲ ಮೇಲೆ ಕೂತು ಮಗಳನ್ನು ಎದೆಗೆಳೆದುಕೊಂಡ. ಸತ್ತಾನ ಎಂಬ ಮಾತನ್ನು ಆ ಮನೆಯಲ್ಲಿ ಇನ್ನೂ ಯಾರೂ ಆಡಿರಲಿಲ್ಲ. ಈಗ ಅವನೇ ಆಡಬೇಕಾಯಿತು.