ಅವ್ವನ ಬೊಗಸೆಯ ಊಟ

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಅವ್ವ ದೀಕ್ಷೆ ತೆಗೆದುಕೊಳ್ಳುತ್ತೇನೆ ಅಂದಾಗ, ಹುಬ್ಬಳ್ಳಿಯ ಬಸದಿಯಲ್ಲಿ ನೂರು ಮಂದಿಯ ನಡುವೆ ಮಾತಾಜಿಯವರು "ಮಗಳ ಒಪ್ಪಿಗಿ ಐತೇನವ್ವಾ?" ಎಂದು ಕೇಳಿದಾಗ ಮಾತ್ರ ಸಿಟ್ಟು ನುಂಗಿ "ಹೂಂರಿ" ಅಂದುಬಿಟ್ಟೆ. ಅಷ್ಟು ಜನ ಕೈಮುಗಿದು ನಿಂತಿರುವಾಗ ಇಲ್ಲ ಅನ್ನುವ ಎದೆ ಯಾರಿಗಿದೆ? ಬಾಯಿ ಹೂಂ ಅಂದಿತು, ಹೊಟ್ಟೆ ಉರಿಯಿತು.

ಉರಿಯದೆ ಇನ್ನೇನು? ನಾನು ಗಂಡನ ಮನೆ ಬಿಟ್ಟು ಬಂದು ಹತ್ತೊಂಬತ್ತು ವರ್ಷವಾಯಿತು. ಅಪ್ಪ ತೀರಿದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. ಒಂದೇ ರೊಟ್ಟಿ ಹರಿದು ತಿಂದವರು. ದೀಕ್ಷೆಯಾದ ಮರುಗಳಿಗೆಗೆ ಅವಳಿಗೆ ಮಗಳೂ ಇಲ್ಲ, ಮನೆಯೂ ಇಲ್ಲ. ಬಿಳಿ ಸೀರೆಯುಟ್ಟು, ನವಿಲುಗರಿಯ ಪಿಂಛಿ ಹಿಡಿದು ಊರೂರು ನಡೆಯುತ್ತಾಳೆ. ಎದುರಿಗೆ ಬಂದರೆ ನಾನು ಅವ್ವಾ ಅನ್ನುವಂತಿಲ್ಲ, ಮಾತಾಜಿ ಅಂತ ಬಾಗಬೇಕು. ಅರವತ್ತೆರಡರಲ್ಲಿ ಮೋಕ್ಷಕ್ಕೆ ಅಷ್ಟೇನು ಅವಸರ ಅಂತ ಗೊಣಗುತ್ತ ದಿನಾ ಪಾತ್ರೆ ಕುಕ್ಕುತ್ತಿದ್ದೆ.

ಮಾತಾಜಿ ಒಂದು ಕಟ್ಟಳೆ ಹಾಕಿದ್ದರು. ಒಂದು ತಿಂಗಳು ಮನೆಯಲ್ಲೇ ದೀಕ್ಷೆಯವರ ಹಾಗೆ ಉಂಡು ನೋಡಲಿ. ದೇಹ ತಾಳದಿದ್ದರೆ ಈ ವರ್ಷ ದೀಕ್ಷೆ ಬೇಡ. ಅಂದರೆ ದಿನಕ್ಕೆ ಒಂದೇ ಊಟ, ನೀರೂ ಆಗಲೇ. ತಟ್ಟೆಯಿಲ್ಲ. ಅವಳು ಕೂಡಿಸಿದ ಬೊಗಸೆಗೆ ನಾನು ತುತ್ತು ಹಾಕಬೇಕು, ಅವಳು ಒಂದೊಂದನ್ನೂ ನೋಡಿ ತಿನ್ನಬೇಕು. ಬಡಿಸುವ ಮೊದಲು ನಾನು "ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ನೀರು ಶುದ್ಧ" ಅಂತ ಹೇಳಬೇಕು. ತುತ್ತಿನಲ್ಲಿ ಒಂದು ಕೂದಲು ಕಂಡರೂ ಅಂತರಾಯ. ಊಟ ಅಲ್ಲಿಗೇ ನಿಲ್ಲಬೇಕು. ಮರುದಿನದವರೆಗೆ ಹನಿ ನೀರೂ ಇಲ್ಲ.

ಹದಿನೆಂಟು ದಿನ ಅವ್ವ ಗಟ್ಟಿಯಾಗಿಯೇ ಇದ್ದಳು. ಮುಖಕ್ಕೆ ಒಂದು ಕಳೆ ಕೂಡ ಬಂತು. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು.

ಹತ್ತೊಂಬತ್ತನೆಯ ದಿನ ನನ್ನ ಬಾಚಣಿಕೆಯಿಂದ ಒಂದು ಕೂದಲು ತೆಗೆದು ತೊವ್ವೆ ಕಲಸಿದ ಅನ್ನದಲ್ಲಿ ಸೇರಿಸಿದೆ. ಮಾಡಬಾರದ್ದನ್ನು ಮಾಡಿದೆ, ಮುಚ್ಚುಮರೆ ಏಕೆ? ಬಾಯಲ್ಲಿ ಮನ ಶುದ್ಧ ಅನ್ನುತ್ತಲೇ ಹಾಕಿದೆ. ಅವ್ವ ಎರಡನೇ ತುತ್ತಿಗೆ ಕೂದಲು ಕಂಡು, ಕೈ ಬಿಟ್ಟು ಎದ್ದಳು. ಮರುದಿನವೂ ಹಾಗೆಯೇ ಮಾಡಿದೆ. ಅವತ್ತು ಮೊದಲ ತುತ್ತಿಗೇ ಎದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡು ಬಡಿಸುವವಳ ಕೂದಲು ಹೇಗೆ ಬಿತ್ತು ಅಂತ ಕೂಡ ಕೇಳಲಿಲ್ಲ.

ಹೊರಗೆ ಏಪ್ರಿಲ್ ಬಿಸಿಲು. ಸಂಜೆ ಪಕ್ಕದ ಮನೆಯ ರಾಜಬಿ ಕೂಗಿಕೊಂಡಳು. ಮೂವತ್ತು ವರ್ಷದಿಂದ ನಮ್ಮಿಬ್ಬರ ಕುಪ್ಪಸ ಹೊಲಿಯುವವಳು ಅವಳು. ಓಡಿ ಹೋದರೆ ಅವ್ವ ನಳದ ಹತ್ತಿರ ಕುಸಿದಿದ್ದಳು. ತುಟಿ ಒಡೆದಿತ್ತು. ರಾಜಬಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಬೀಸುತ್ತಿದ್ದಳು.

"ಅಕ್ಕಾರ, ಒಂದ ಗುಟುಕ ನೀರರ ಕುಡೀರಿ."

ಅವ್ವ ಬೇಡವೆಂದು ತಲೆಯಾಡಿಸಿದಳು.

"ನಮ್ಮ ರಂಜಾನದ ರೋಜಾನೂ ಸಂಜಿಗೆ ಬಿಡ್ತೈತಿ ತ್ರಿಶಲಾ! ಎರಡ ದಿನ ನೀರಿಲ್ಲಂದ್ರ ಜೀವ ಹೆಂಗ ನಿಂತೀತು? ನೀ ಏನ ನೋಡಕೋತ ನಿಂತಿ?" ಎಂದು ರಾಜಬಿ ನನ್ನ ಮೇಲೆ ಹರಿಹಾಯ್ದಳು.

ನಾನು ನಿಜಕ್ಕೂ ನೋಡುತ್ತಲೇ ನಿಂತಿದ್ದೆ. ಅವ್ವ ನನ್ನನ್ನು ಬಿಟ್ಟು ಹೋಗಬಾರದೆಂದು ಮಾಡಿದ ಕೆಲಸ ಇದು. ಇನ್ನೊಂದು ದಿನ ಹೀಗೇ ಆದರೆ ಪೂರಾ ಹೋಗಿಬಿಡುತ್ತಾಳೆ ಅನ್ನಿಸಿತು. ಇಬ್ಬರೂ ಸೇರಿ ಅವಳನ್ನು ಎತ್ತಿ ಒಳಗೆ ಮಲಗಿಸಿದೆವು.

ಮರುದಿನ ಬೆಳಿಗ್ಗೆ ಮಡಿಯುಟ್ಟು ಅಡಿಗೆ ಮಾಡಿದೆ. ಅವ್ವ ಗೋಡೆ ಹಿಡಿದು ಬಂದು ಮಣೆಯ ಮೇಲೆ ಕೂತು ಬೊಗಸೆ ಒಡ್ಡಿದಳು. "ಮನ..." ಅಂದೆ.

"ಮನ ಶುದ್ಧ ಇಲ್ಲವ್ವಾ. ಕೂದಲಾ ನಾನ ಹಾಕೇನಿ. ಎರಡೂ ದಿನ."

"ಗೊತ್ತೈತಿ," ಅಂದಳು ಅವ್ವ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಗೊತ್ತಿದ್ದೂ ಯಾಕ ಎದ್ದಿ? ತಗದ ಒಗದು ಉಣಬೇಕಿತ್ತಿಲ್ಲೊ!"

"ಹಾಕಿದವರು ಯಾರರ ಇರಲಿ, ಕೂದಲಾ ಕೂದಲಾನ."

"ಹಂಗಾದ್ರ ಮಾತಾಜಿಗೆ ಹೇಳಬೇಕಿತ್ತು. ಬ್ಯಾರೆ ಯಾರರ ಬಂದು ಬಡಸ್ತಿದ್ರು."

ಅವ್ವ ತನ್ನ ಖಾಲಿ ಬೊಗಸೆಯನ್ನೇ ನೋಡುತ್ತಿದ್ದಳು. "ಅದಕ್ಕ ಹೇಳಲಿಲ್ಲ. ಇನ್ನ ಹತ್ತ ದಿನ ಅದಾವು. ಎಲ್ಲಾ ಬಿಟ್ಟೇನಿ ತ್ರಿಶಲಾ. ಮನಿ, ಬಂಗಾರ, ನಿಮ್ಮಪ್ಪನ ಫೋಟೋ ಸುದ್ದಾ. ನಿನ್ನ ಕೈತುತ್ತ ಒಂದ ಬಿಡಾಕ ಆಗವಲ್ದು. ಉಪಾಸ ಬಿದ್ರೂ ಅಡ್ಡಿ ಇಲ್ಲ, ನೀನ ಹಾಕಬೇಕು ಅನಸ್ತು. ತಪ್ಪು ನಂದೂ ಐತಿ. ಕ್ಷಮಾ ಮಾಡು."

ಹಾಗೆಂದು ನನಗೆ, ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ, ಕೈ ಮುಗಿದಳು. ಇವಳು ನನ್ನನ್ನು ಸಲೀಸಾಗಿ ಬಿಟ್ಟುಬಿಟ್ಟಳು ಅಂತ ಇಷ್ಟು ದಿನ ಪಾತ್ರೆ ಕುಕ್ಕಿದ್ದೆನಲ್ಲ! ಸಿಟ್ಟು ಮಾಡಲು ನನ್ನ ಹತ್ತಿರ ಏನೂ ಉಳಿಯಲಿಲ್ಲ.

"ಹೋಗವ್ವಾ," ಅಂದೆ.

ಹೊರಟವರಿಗೆ ಬರೀ ಹೋಗು ಅನ್ನಬಾರದು, ಹೋಗಿ ಬಾ ಅನ್ನಬೇಕು ಅಂತ ಕಲಿಸಿದವಳು ಅವಳೇ. ನಾನು ಅಷ್ಟೇ ಅಂದೆ. ಅವ್ವ ಹೂಂ ಅಂತ ತಲೆಯಾಡಿಸಿದಳು.

ಕೈ ತೊಳೆದುಕೊಂಡು ಬಂದು, ಮನ ಶುದ್ಧದಿಂದ ನೀರು ಶುದ್ಧದವರೆಗೆ ತಡವರಿಸದೆ ಹೇಳಿದೆ. ಬಡಿಸತೊಡಗಿದೆ. ಉಣ್ಣುವ ಹೊತ್ತಿನಲ್ಲಿ ಯಾರಾದರೂ ಅಳುವ ಸದ್ದು ಕಿವಿಗೆ ಬಿದ್ದರೂ ಅಂತರಾಯವೇ. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಒಂದೊಂದೇ ತುತ್ತು ಹಾಕಿದೆ. ಅವ್ವ ನಿಧಾನವಾಗಿ, ಹೊಟ್ಟೆ ತುಂಬ ಉಂಡಳು. ಕೊನೆಗೆ ಬೊಗಸೆ ಬೊಗಸೆ ನೀರು ಕುಡಿದು ಕೈ ಬಿಟ್ಟಳು. ಆಮೇಲೆ ನಾನು ಹಿತ್ತಲು ದಾಟಿ, ಅವಳ ಕಿವಿಗೆ ಬೀಳದಷ್ಟು ದೂರ ಹೋಗಿ, ಬಿಕ್ಕಿ ಬಿಕ್ಕಿ ಅತ್ತೆ.