ಹೆಸರು ಹೇಳಿ ಕುಟ್ಟುವ ಮನೆ

ನಾನು ಒಂದು ಹಿತ್ತಾಳೆಯ ಕುಟ್ಟಾಣಿ. ಕಾದ ರಸವನ್ನು ಮರಳಿನ ಅಚ್ಚಿಗೆ ಹೊಯ್ದಾಗ ಹುಟ್ಟಿದೆ. ತಣಿದ ಮೇಲೆ ಬಿಸಿಯೂ ನೋವೂ ಅಷ್ಟಾಗಿ ತಿಳಿದಿಲ್ಲ. ನನ್ನ ಜೋಡಿಗೆ ಎರಕ ಹೊಯ್ದ, ಕುಟ್ಟುವ ದಂಡದ ಹೆಸರು ದಸ್ತ. ವಿಜಯಪುರದ ಒಬ್ಬ ಯುನಾನಿ ಹಕೀಮರು ನಮ್ಮನ್ನು ಕೊಂಡು ತಂದರು. ಅವರ ನಂತರ ಮಗ ಇಬಾದುಲ್ಲಾ ಹಕೀಮರ ಕೈಗೆ ಬಂದೆವು.

ಆ ಮನೆಯಲ್ಲೊಂದು ಪದ್ಧತಿ. ರೋಗದ ಅರಬ್ಬಿ ಹೆಸರು ಹೇಳದೆ ದಸ್ತ ಎತ್ತುವಂತಿಲ್ಲ. ಹೇಳಿದ ಮೇಲೆ ಕುಟ್ಟದೆ ಬಿಡುವಂತಿಲ್ಲ. ಮದುವೆ ಊಟ ಹೊಡೆದು ಹೊಟ್ಟೆ ಹಿಡಿದುಕೊಂಡು ಬರುವವರೇ ಹೆಚ್ಚು. ಉಂಡದ್ದು ಅರಗುವ ಮೊದಲೇ ಮತ್ತೆ ಉಂಡವನಿಗೆ ‘ತುಖ್ಮಾ’. ಜಿಡ್ಡು ತಿಂದು ಓಕರಿಕೆ ಬಂದರೆ ‘ಬಷಮ್’. ಉಸಿರಿಗೂ ಜಾಗವಿಡದೆ ತುಂಬಿಕೊಂಡವನಿಗೆ ‘ಕಿಝ್ಝಾ’. ಹಕೀಮರ ಒಬ್ಬಳೇ ಮಗಳು ತಹಸೀನ ಇವನ್ನೆಲ್ಲ ನನ್ನ ಠಣಠಣದ ತಾಳಕ್ಕೆ ಬಾಯಿಪಾಠ ಮಾಡಿದ್ದಳು. ಹೊಟ್ಟೆಬಾಕರಿಗೆ ಎಷ್ಟೊಂದು ಬಿರುದು ಎಂದು ಅಪ್ಪನನ್ನು ಕಾಡಿಸುತ್ತಿದ್ದಳು.

ತಹಸೀನ ಮೊದಲ ಹೆರಿಗೆಯಲ್ಲಿ ತೀರಿಕೊಂಡಳು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದೆಂದು ಓಣಿಯವರು ನಾ ಮುಂದು ತಾ ಮುಂದು ಎಂದು ಊಟ ತಂದರು. ಬಿರಿಯಾನಿ, ಖುರ್ಮಾ, ತುಪ್ಪ ತೇಲುವ ಶಿರಾ. ತಾಯಿ ಖುರ್ಷಿದಾ ಬೇಡವೆನ್ನದೆ ಎಲ್ಲವನ್ನೂ ಉಂಡಳು. ರುಚಿ ತಿಳಿದಂತೆ ಕಾಣಲಿಲ್ಲ. ಆಮೇಲೆ ಹೊಟ್ಟೆ ಕಲ್ಲಾಗಿದೆ ಎಂದಳು.

ಹಕೀಮರು ತುಖ್ಮಾ ಎಂದರು; ಜೀರಿಗೆ, ಅಜವಾನ ಕುಟ್ಟಿದರು. ಕಲ್ಲು ಕರಗಲಿಲ್ಲ. ಬಷಮ್ ಎಂದು ಒಣಶುಂಠಿ ಕುಟ್ಟಿದರು. ಓಣಿಯವರ ಊಟ ನಿಂತು ಎಷ್ಟೋ ದಿನವಾಗಿತ್ತು, ಆಕೆ ಅರ್ಧ ರೊಟ್ಟಿಯನ್ನೂ ಮುಗಿಸುತ್ತಿರಲಿಲ್ಲ, ಆದರೂ ಕಿಝ್ಝಾ ಎಂದರು. ಮಗಳ ಹೆಸರನ್ನು ಮಾತ್ರ ಎತ್ತಲಿಲ್ಲ. ನಾನಂತೂ ಲೋಹ, ನನ್ನದು ಬಿಡಿ. ಅವರಿಬ್ಬರೂ ನನ್ನಂತೆಯೇ ಆಗಿಬಿಟ್ಟರಲ್ಲ ಎಂದು ಕೆಡುಕೆನಿಸಿತು.

ಒಂದು ಬೆಳಿಗ್ಗೆ ಖುರ್ಷಿದಾ ಔಷಧದ ಪೊಟ್ಟಣಗಳನ್ನೆಲ್ಲ ಎತ್ತಿಕೊಂಡು ಬಂದಳು. ಒಂದನ್ನೂ ಅವಳು ತಿಂದಿರಲಿಲ್ಲ. ಗಂಡನ ಎದುರಿಗೇ ಬಿಚ್ಚಿ, ಪುಡಿಯನ್ನು ನನ್ನೊಳಗೆ ಸುರಿದಳು.

“ನನ್ನ ಹೊಟ್ಟಿಗಿ ಎಷ್ಟ್ ಹೆಸರ ಇಟ್ರಿ,” ಎಂದಳು. “ಆಕಿ ಹೆಸರ ಒಮ್ಮ್ಯಾರ ಹೇಳ್ರಿ.”

ಹಕೀಮರ ಕೈ ರೂಢಿಯಂತೆ ದಸ್ತ ಎತ್ತಿತು.

“ತಹಸೀನ,” ಎಂದರು.

ಹೆಸರು ಹೇಳಿದ ಮೇಲೆ ಕುಟ್ಟಬೇಕು. ಕೈ ಕೆಳಗಿಳಿಯಲಿಲ್ಲ. ಖುರ್ಷಿದಾ ಅವರ ಕೈಯಿಂದ ದಸ್ತವನ್ನು ಮೆಲ್ಲಗೆ ಬಿಡಿಸಿಕೊಂಡು ನೆಲಕ್ಕಿಟ್ಟಳು. ಇಬ್ಬರೂ ನನ್ನ ಆಚೆಗೊಬ್ಬರು ಈಚೆಗೊಬ್ಬರು ಕೂತು ಅತ್ತರು.

ದವಾಖಾನೆ ಮುಚ್ಚಿ ವರ್ಷಗಳಾದವು. ಈಗ ಗಾಳಿಗೆ ಬಾಗಿಲು ಬಡಿಯದಂತೆ ತಡೆಯುವುದಷ್ಟೇ ನನ್ನ ಕೆಲಸ. ಪೆಟ್ಟು ತಿಂದೇ ಸವೆದ ಬಾಳು ನನ್ನದು. ಬಿದ್ದ ಪೆಟ್ಟುಗಳಲ್ಲಿ ಒಂದೂ ನೆನಪಿಲ್ಲ. ಬೀಳದ ಆ ಒಂದು ಪೆಟ್ಟು ಮಾತ್ರ ಇನ್ನೂ ನೆನಪಿದೆ.